ಮಾರಿದ ಎಮ್ಮೆ ನೋಡಲು ಹೋಗುತ್ತಿದ್ದ ಅವ್ವನಿಗೆ

ನಗು ಮುಚ್ಚಿಟ್ಟ ನನ್ನ ಅವ್ವಾ,

ಅಬಲೂರಿನ ನಮ್ಮ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಒಡೆಯಲು ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದುದು ನೆನಪಿದೆಯೇ? ಕೈಕೆಲಸ ಅವರದು, ಬಾಯಿಕೆಲಸ ನನ್ನದು. ನನ್ನ ಚ್ಯಾಷ್ಟಿ ರಂಗೇರಿ ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುವ ಹೊತ್ತಿಗೆ ಸರಿಯಾಗಿ ನೀನು ಸೆರಗನ್ನು ಬಾಯಿಗೊತ್ತಿ ಏಳುತ್ತಿದ್ದೆ. "ಎಮ್ಮಿ ನೋಡಿ ಬರ್ತೇನಿ." ಊರೆಲ್ಲ ನಗಿಸಿದವಳು ಹೆತ್ತವಳನ್ನು ನಗಿಸಲಾರೆನಲ್ಲ ಎಂದು ನನಗೆಷ್ಟು ಸಂಕಟ!

ಎಮ್ಮೆ ಮಾರಿದ ಮೇಲೂ ನೀನು ಎಮ್ಮೆ ನೋಡಲು ಹೋಗುತ್ತಿದ್ದೆಯಲ್ಲ. "ಅದೀಗ ಹುಲಗೂರಾಗ ಐತೆವ್ವಾ, ಬಸ್ಸಿಗೆ ಹೋಗ್ತಿಯೇನ?" ಎಂದು ಕಾಡಿದ್ದೆ. ನೀನು ತುಟಿ ಬಿಗಿಹಿಡಿದು, ಸಣ್ಣ ಹೆಜ್ಜೆಯಿಡುತ್ತ ಹಿತ್ತಲಿಗೆ...

ನೀನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಹೋದ ವರ್ಷ, ನಿನಗಾದಂತೆ ನನಗೂ ಗರ್ಭಕೋಶ ತೆಗೆದರು. ಕನ್ನಡ ಕಲಿಸುವವಳಿಗೆ ಪದಕೋಶ ಉಳಿದರೆ ಸಾಕು ಎಂದು ಆಸ್ಪತ್ರೆಯಲ್ಲೂ ನಗಾಡಿದೆ. ಕೆಲ ತಿಂಗಳ ಮೇಲೆ ಕಾಲೇಜಿನಲ್ಲಿ ನನ್ನ ಜೋಕಿಗೆ ನಾನೇ ಜೋರಾಗಿ ನಕ್ಕೆ, ಸೀರೆ ಒದ್ದೆಯಾಯಿತು. ಸೆರಗನ್ನು ಬಾಯಿಗೊತ್ತಿ ಎದ್ದಾಗ ನಿನ್ನ ಎಮ್ಮೆ ಯಾವುದೆಂದು ತಿಳಿಯಿತು. ನೀನು ಏಳತೊಡಗಿದ್ದೂ ಆಪರೇಶನ್ ಆದ ಮೇಲೇ ಅಲ್ಲವೇ? ಬಸ್ಸು ಹತ್ತುವ ದಿನ ಹನಿ ನೀರು ಕುಡಿಯದೆ ಇರುತ್ತಿದ್ದುದೂ ಅದಕ್ಕೇ? ನನಗಾದರೂ ಒಂದು ಮಾತು...

ಡಾಕ್ಟರಮ್ಮನ ಮುಂದೆ ನಾನು ತೊದಲಿದಾಗ ಅವರೇ ಹೇಳಿದರು: "ಭಾಳ ಮಂದಿಗೆ ಆಗ್ತೈತ್ರಿ. ಯಾರೂ ಹೇಳಂಗಿಲ್ಲ, ಅಷ್ಟ." ಮೂತ್ರ ತಡೆಯುವಾಗಿನಂತೆ ಒಳಗಿನ ಸ್ನಾಯುಗಳನ್ನು ಬಿಗಿಹಿಡಿದು ಮೆಲ್ಲಗೆ ಸಡಿಲಿಸುವುದನ್ನು ಕಲಿಸಿದರು. ತಿಂಗಳುಗಟ್ಟಲೆ ಬಿಡದೆ ಮಾಡಬೇಕಂತೆ. ಪರೀಕ್ಷಾ ಕೊಠಡಿಯಲ್ಲಿ ನಿಂತೇ ಮಾಡುತ್ತೇನೆ. ನನ್ನ ಬಿಗಿ ಮುಖ ಕಂಡು ಹುಡುಗರು ಕಾಪಿ ಹೊಡೆಯುವುದನ್ನು ಬಿಟ್ಟಿದ್ದಾರೆ.

ಯುಗಾದಿಗೆ ಹಿರೇಕೆರೂರಿಗೆ, ನಿನ್ನ ತಂಗಿಯ ಮನೆಗೆ ಹೋಗಿದ್ದೆ. ನನ್ನ ಮಾತಿಗೆ ನಗು ಉಕ್ಕುತ್ತಲೇ ಚಿಗವ್ವ ಎದ್ದಳು. ಆಕೆಗೂ ಅದೇ ಆಪರೇಶನ್ ಆಗಿತ್ತಲ್ಲ. ಕೈ ಹಿಡಿದೆ. "ನೀನೂ ಎಮ್ಮಿ ನೋಡಾಕ ಹೊಂಟಿಯೇನ, ಚಿಗವ್ವಾ?"

ಆಕೆ ಮೆಲ್ಲಗೆ ಹೇಳಿದಳು. "ನಿಮ್ಮವ್ವ ಹಿತ್ತಲದಾಗ ನಿಂತು ಕಣ್ಣಾಗ ನೀರು ಬರೂತನಕ ನಗತಿದ್ಲು. ನಾ ನಿಮ್ಮ ಮನಿಗೆ ಬಂದಾಗೆಲ್ಲ, ನೀ ಹೇಳಿದ್ದನ್ನ ರಾತ್ರಿ ನನಗ ಮತ್ತ ಹೇಳಿ ನಗತಿದ್ಲು."

ಅವ್ವಾ, ಈ ಮಾತು ಕೇಳಲು ಎಷ್ಟು ವರ್ಷ ಬೇಕಾಯಿತು...

ಚಿಗವ್ವನನ್ನೂ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಇಬ್ಬರಿಗೂ ಪೂರ್ತಿ ನಿಂತಿಲ್ಲ, ತುಂಬ ಕಡಿಮೆಯಾಗಿದೆ. ಮೊನ್ನೆ ಆಕೆಯ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ನಿನ್ನ ಎಮ್ಮೆಯ ಕಥೆಯನ್ನೇ ಹೇಳಿದೆ. ಚಿಗವ್ವ ಕುಳಿತಲ್ಲೇ ಕುಳಿತು, ಕೊನೆಯತನಕ ನಕ್ಕಳು.

ನಿನ್ನ ಮಗಳು