ಅಂಕಿಯ ಪಕ್ಕದ ನಕ್ಷತ್ರ

ಗುರುವಾರ, ಮಧ್ಯಾಹ್ನದ ಬಿಡುವು
ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು

ನನ್ನ ಹಟಮಾರಿ ಮಗಳಿಗೆ,

ಅಮ್ಮನ ಆಶೀರ್ವಾದ. ಅದು ಬೇಡವೆನಿಸಿದರೆ ಈ ಸಾಲನ್ನು ಹಾರಿಸಿ ಮುಂದೆ ಓದು. ಕಾಗದವನ್ನು ಮಾತ್ರ ಹರಿಯಬೇಡ, ಸೋಮವಾರ ನಿನಗೆ ಬೇಕಾಗುವ ಎರಡು ಹಾಳೆ ಇದರ ಜೊತೆಗಿವೆ. ಇಪ್ಪತ್ತನಾಲ್ಕು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಬಿಡು. ಬಾಯಲ್ಲಿ ಹೇಳಿದ್ದನ್ನು ನಾಳೆ ಯಾರು ಬೇಕಾದರೂ ಇಲ್ಲವೆನ್ನಬಹುದು. ಬರೆದು ಸಹಿ ಹಾಕಿದ್ದನ್ನು ಹಾಗೆನ್ನಲು ಆಗುವುದಿಲ್ಲ.

ಮೊದಲು ಮುಖ್ಯವಾದ ಮಾತು. ನಿನ್ನ ಹೊಟ್ಟೆನೋವು ನಿಜ. ನಿನ್ನ ಕರುಳಿನ ಉರಿಯೂತ ಮತ್ತೆ ಎದ್ದಿದೆ, ಎದ್ದು ಬಹುಶಃ ಮೂರು ತಿಂಗಳಾಗಿದೆ. ನಮ್ಮ ಲ್ಯಾಬಿನಿಂದ ಹೋದ ಮೂರು ರಿಪೋರ್ಟುಗಳನ್ನು ನೆಚ್ಚುವಂತಿಲ್ಲ. ಬೆಳಿಗ್ಗೆ ನಿನ್ನ ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೇನೆ. ಆ ರಿಪೋರ್ಟು ನೋಡಿ ಅರ್ಧಕ್ಕೆ ಇಳಿಸಿದ ಮಾತ್ರೆಯನ್ನು ಇವತ್ತಿನಿಂದಲೇ ಮೊದಲಿನ ಲೆಕ್ಕಕ್ಕೆ ತರಬೇಕಂತೆ. ನಾಳೆ ಒಂಬತ್ತಕ್ಕೆ ನಿನಗಾಗಿ ಕಾಯುತ್ತಾರೆ. ನನ್ನ ಮೇಲಿನ ಸಿಟ್ಟಿಗೆ ಅದನ್ನು ತಪ್ಪಿಸಬೇಡ.

ಇದು ಹೇಗಾಯಿತು ಎಂದು ಹೇಳುತ್ತೇನೆ. ನಿನ್ನ ಕರುಳು ಕೆರಳಿದಾಗಲೆಲ್ಲ ರಕ್ತದಲ್ಲಿ ಪ್ಲೇಟ್‌ಲೆಟ್ ಏರುತ್ತದೆ, ಅವುಗಳ ಗಾತ್ರ ಇಳಿಯುತ್ತದೆ. ಎಲ್ಲ ರೋಗಿಗಳಲ್ಲೂ ಹೀಗೇ ಅಂತಲ್ಲ, ನಿನ್ನಲ್ಲಿ ಮಾತ್ರ ಗಡಿಯಾರದ ಮುಳ್ಳಿನ ಹಾಗೆ ತಪ್ಪುವುದಿಲ್ಲ. ಉರಿಯೂತ ತೋರಿಸುವ ಇನ್ನೊಂದು ರಕ್ತಪರೀಕ್ಷೆ ನಿನ್ನ ಮೈಯಲ್ಲಿ ಯಾವತ್ತೂ ಮಿಸುಕಿದ್ದಿಲ್ಲ. ಹಾಗಾಗಿ ಡಾಕ್ಟರಮ್ಮನೂ ನಾನೂ ಈ ಪ್ಲೇಟ್‌ಲೆಟ್ಟನ್ನೇ ನಂಬಿ ಕೂತೆವು. ಐದು ಲಕ್ಷ ದಾಟಿತೋ ಎಚ್ಚರಿಕೆ, ಇಲ್ಲವೋ ನೆಮ್ಮದಿ. ಮೂರು ತಿಂಗಳೂ ಎರಡೂವರೆ ಲಕ್ಷದ ಆಚೀಚೆ ಬಂತು. ನೆಮ್ಮದಿಯಾಗಿ ಉಸಿರುಬಿಟ್ಟೆವು. ನೀನು ಮಾತ್ರ ಡ್ಯೂಟಿಯ ನಡುವೆ ಬಸ್ಸು ನಿಲ್ಲಿಸಿ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡುತ್ತಲೇ ಇದ್ದೆ.

ನಿನ್ನ ಚೀಲದಲ್ಲಿ ಒಂದು ಚೀಟಿ ನೋಡಿದ್ದೆ. ಯಾವ ನಿಲ್ದಾಣದ ಪಕ್ಕ ಯಾವ ಅಂಗಡಿ, ಯಾವ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಎಂದೆಲ್ಲ ನೀನು ಬರೆದುಕೊಂಡಿದ್ದೆ. ಪ್ರಯಾಣಿಕರಿಗೆ ಗೊತ್ತಿಲ್ಲದ ರೂಟ್ ಮ್ಯಾಪು ಎಂದು ನಾನು ನಕ್ಕೆ. ನೀನು ನಗಲಿಲ್ಲ. ಡಿಪೋದ ಅಧಿಕಾರಿ ನಿನ್ನನ್ನು ನೆಪದ ರಾಣಿ ಎಂದನಂತೆ, ರಿಪೋರ್ಟು ಚೆನ್ನಾಗಿದೆ, ನಾಲ್ಕು ವಾರ ಗಡುವು, ಅದಾದ ಸೋಮವಾರದಿಂದ ಮೂರು ಗಂಟೆ ಎಲ್ಲೂ ನಿಲ್ಲದ ರೂಟಿಗೆ ಹತ್ತು, ಇಲ್ಲವಾದರೆ ಬ್ಯಾಡ್ಜ್ ಮೇಜಿನ ಮೇಲಿಟ್ಟು ಹೋಗು ಎಂದನಂತೆ. ಅದನ್ನು ಹೇಳಲು ಫೋನ್ ಮಾಡಿದಾಗ ನೀನು ಕೇಳಿದ್ದು ಒಂದೇ ಮಾತು.

“ನೀನಾದ್ರೂ ನನ್ನ ನಂಬ್ತೀಯ ಅಲ್ವಾ ಅಮ್ಮಾ?”

ಮೂವತ್ತೊಂದು ವರ್ಷ ರಕ್ತ ನೋಡಿದವಳ ಗತ್ತಿನಲ್ಲಿ ನಾನು ಉತ್ತರ ಕೊಟ್ಟೆ.

“ಮಷೀನು ಸುಳ್ಳು ಹೇಳಲ್ಲ ಕಣೇ.”

ನೀನು ಫೋನ್ ಇಟ್ಟೆ. ಇಡಬೇಕಾದದ್ದೇ.

ಮಂಗಳವಾರ ನೀನು ನಾಲ್ಕನೇ ಸಲ ರಕ್ತ ಕೊಡಲು ಬಂದೆ. ನನ್ನ ಕಿಟಕಿ ಖಾಲಿಯಿದ್ದರೂ ಪಕ್ಕದ ಸಾಲಿನಲ್ಲಿ ನಿಂತು, ನನ್ನ ಸಹೋದ್ಯೋಗಿಯ ಮುಂದೆ ತೋಳು ಚಾಚಿದೆ. ನಾನು ಗಾಜಿನ ಹಿಂದಿನಿಂದ ನೋಡುತ್ತಿದ್ದೆ. ನಿನ್ನ ಸಮವಸ್ತ್ರದ ಬೆಲ್ಟಿಗೆ ಹೊಸದೊಂದು ತೂತು ಬಿದ್ದಿತ್ತು, ಕೈಯಲ್ಲಿ ಮೊಳೆಯಿಂದ ಹೊಡೆದದ್ದು, ಸೊಟ್ಟಗೆ. ನೀನು ಅಷ್ಟು ಸೊರಗಿದ್ದೆ. ಎರಡೂವರೆ ಲಕ್ಷದ ಹುಡುಗಿಗೆ ಆ ತೂತು ಯಾಕೆ ಬೇಕಾಯಿತು?

ಅಂಕಿ ಸರಿಯಿದ್ದರೆ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರೂಢಿ ನಮ್ಮಲ್ಲಿಲ್ಲ. ದಿನಕ್ಕೆ ಮುನ್ನೂರು ರಕ್ತದ ನಳಿಗೆ ಬರುವ ಕಡೆ ಅದು ಆಗದ ಮಾತು. ಅವತ್ತು ಮಾಡಿದೆ. ಸವರಿದ ರಕ್ತ ತೆಳುವಾಗಿ ಮುಗಿಯುವ ಅಂಚನ್ನೇ ಮೊದಲು ನೋಡಿದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಮುದ್ದೆಯಾಗಿ ಅಲ್ಲಿ ಬಿದ್ದಿದ್ದವು. ನೇರಳೆ ಮುಚ್ಚಳದ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಒಂದು ಔಷಧಿ ಇರುತ್ತದೆ. ಎಲ್ಲೋ ಕೆಲವರ ರಕ್ತದಲ್ಲಿ ಅದೇ ಔಷಧಿ ಪ್ಲೇಟ್‌ಲೆಟ್‌ಗಳನ್ನು ಅಂಟಿಸಿಬಿಡುತ್ತದೆ. ಮೈಯೊಳಗೆ ಅಲ್ಲ, ನಳಿಗೆಯೊಳಗೆ ಮಾತ್ರ. ನಿನಗೆ ಮೊದಲು ಹೀಗಾಗುತ್ತಿರಲಿಲ್ಲ, ಈಗ ಶುರುವಾಗಿದೆ. ಮಷೀನು ಆ ಮುದ್ದೆಗಳನ್ನು ಬಿಡಿಸಿ ಎಣಿಸಲಾರದು, ಬಿಟ್ಟೇಬಿಡುತ್ತದೆ. ಎಣಿಕೆ ಸುಳ್ಳೇ ಸುಳ್ಳು ಇಳಿಯುತ್ತದೆ.

ಪುಣ್ಯಕ್ಕೆ ಈ ಸಲ ಡಾಕ್ಟರಮ್ಮ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ಬರೆದಿದ್ದರು. ಅದಕ್ಕೆಂದು ತೆಗೆದ ನೀಲಿ ಮುಚ್ಚಳದ ನಳಿಗೆಯಲ್ಲಿ ಬೇರೆ ಔಷಧಿ ಇರುತ್ತದೆ. ಅದನ್ನು ಎಣಿಸಿದೆ. ನೇರಳೆಯಲ್ಲಿ ಎರಡು ಲಕ್ಷ ನಲವತ್ತು ಸಾವಿರ, ನೀಲಿಯಲ್ಲಿ ಆರು ಲಕ್ಷ ಹತ್ತು ಸಾವಿರ. ಎರಡೂ ನಿನ್ನ ರಕ್ತ, ಒಂದೇ ಸೂಜಿಯದ್ದು. ಮೂರು ಸಲ ಎಣಿಸಿದೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ.

ನಮ್ಮ ಲ್ಯಾಬಿನ ಮುಖ್ಯಸ್ಥರು ನಿನಗೆ ಗೊತ್ತಲ್ಲ, ಕೋಟಿನ ಮೇಲೊಂದು ಸುಕ್ಕು ಕಂಡರೆ ಅನ್ನ ಇಳಿಯದ ನಮ್ಮ ಇಸ್ತ್ರಿ ಸಾಹೇಬರು. ರಕ್ತ ಸವರಿದ ಆ ಗಾಜಿನ ಸ್ಲೈಡ್ ತೋರಿಸಿದೆ. ಒಪ್ಪಿದರು. ನಾಲ್ಕನೇ ರಿಪೋರ್ಟು ಸರಿಯಾಗಿ ಕೊಡಿ ಎಂದರು. ಹಳೆಯ ಮೂರರ ಗತಿಯೇನು ಎಂದರೆ, ಹೋದದ್ದು ಹೋಯಿತು, ಆ ರಕ್ತ ಈಗ ಇಲ್ಲ, ತಪ್ಪೆಂದು ಸಾಬೀತು ಮಾಡಲಾಗುವುದಿಲ್ಲ, ಬರವಣಿಗೆಯಲ್ಲಿ ಏನೂ ಬೇಡ, ಲ್ಯಾಬಿನ ಮರ್ಯಾದೆಯ ಪ್ರಶ್ನೆ ಎಂದು ಮೆತ್ತಗೆ ಹೇಳಿದರು. ನಿವೃತ್ತಿಗೆ ಇನ್ನು ಎಂಟು ತಿಂಗಳಿರುವವಳು ಸುಮ್ಮನಿರುವುದು ಕ್ಷೇಮ ಎಂದೂ ಸೇರಿಸಿದರು. ನಾನು ಕೇಳಿದೆ.

“ಸರ್, ಇದು ನಿಮ್ಮ ಹೊಟ್ಟೆ ಆಗಿದ್ರೆ ಹೋದದ್ದು ಹೋಯ್ತು ಅಂತಿದ್ರಾ?”

ಅವರು ಕೋಟಿನ ತೋಳು ಸರಿಮಾಡಿಕೊಂಡರು. ನಾನು ಅವರ ಮೇಜಿನ ಮೇಲಿದ್ದ ಪೆನ್ನಿನಿಂದಲೇ ಬರೆಯಲು ಕೂತೆ.

ಈ ಹಾಳೆಗಳು ಅವೇ. ಮೊದಲನೆಯದು ನೀಲಿ ನಳಿಗೆಯ ರಿಪೋರ್ಟು. ಎರಡನೆಯದರಲ್ಲಿ ಹಳೆಯ ಮೂರು ಎಣಿಕೆಗಳನ್ನು ನೆಚ್ಚಿ ಯಾರೂ ಯಾವ ತೀರ್ಮಾನಕ್ಕೂ ಬರಬಾರದು ಎಂದು ನನ್ನ ಸಹಿ ಹಾಕಿದ್ದೇನೆ. ಸಾಹೇಬರಿಗೆ ಒಂದು ಪ್ರತಿ ಕೊಟ್ಟಾಗಿದೆ. ಕೆಲಸ ಹೋದರೆ ಹೋಗಲಿ, ಯಾರ ಮುಲಾಜೂ ಇಲ್ಲ. ಡಿಪೋಗೆ ಮಾತ್ರ ನಾನಾಗಿ ಕಳಿಸಿಲ್ಲ. ಹೊಟ್ಟೆ ನಿನ್ನದು, ಕಾಗದವೂ ನಿನ್ನದು. ಸೋಮವಾರ ಬ್ಯಾಡ್ಜ್ ಎದೆಯ ಮೇಲೇ ಇರಲಿ, ಮೇಜಿನ ಮೇಲೆ ಈ ಹಾಳೆಗಳನ್ನಿಡು. ತಲೆ ತಗ್ಗಿಸಿ ನಿಲ್ಲಬೇಡ. ತಗ್ಗಿಸಬೇಕಾದವರು ಬೇರೆ ಇದ್ದಾರೆ.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ನಿನ್ನ ಹೊಟ್ಟೆಗೆ ಈಗಾಗಲೇ ಸಾಕಷ್ಟಾಗಿದೆ. ಸಂಜೆ ನೀನು ಡ್ಯೂಟಿ ಮುಗಿಸಿ ಬರುವ ಮೊದಲು ಇದನ್ನು ನಿನ್ನ ರೂಮಿನ ಬಾಗಿಲಡಿ ತೂರಿಸಿ ಹೋಗುತ್ತೇನೆ.

ನಿನ್ನನ್ನು ನಂಬುವ,
ಅಮ್ಮ

ತಾ.ಕ.: ನಿನ್ನ ಬಾಗಿಲ ಹೊರಗೆ, ಗೋಡೆಗೆ ಕಾಗದ ಒತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಸ್ಲೈಡ್ ಮಾಡುವ ರೂಢಿಯಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಅರ್ಧ ಸತ್ಯ. ಮಷೀನಿಗೆ ಅನುಮಾನ ಬಂದರೆ ಅಂಕಿಯ ಪಕ್ಕ ನಕ್ಷತ್ರದ ಗುರುತು ಹಾಕುತ್ತದೆ. ಆಗ ಸ್ಲೈಡ್ ನೋಡಲೇಬೇಕು, ಅದು ನಿಯಮ. ಮೊದಲ ತಿಂಗಳೇ ನಿನ್ನ ಅಂಕಿಯ ಪಕ್ಕ ನಕ್ಷತ್ರ ಬಂದಿತ್ತು. ಎರಡನೇ ತಿಂಗಳೂ, ಮೂರನೇ ತಿಂಗಳೂ. ಹೋದ ವರ್ಷ ಏಳು ವಾರ ನಿನ್ನ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದೆ. ಮತ್ತೆ ಅಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ನನಗೆ ಬೇಕಾದ ಅಂಕಿ ಬಂದಿತ್ತು, ಗುಂಡಿ ಒತ್ತಿ ನಕ್ಷತ್ರ ಅಳಿಸಿದೆ, ಮೂರು ಸಲವೂ. ಮಷೀನು ಸುಳ್ಳು ಹೇಳಿರಲಿಲ್ಲ ಕಣೇ, ಹೇಳಿದ್ದು ನಾನು. ಸಾಹೇಬರಿಗೆ ಕೊಟ್ಟ ಪ್ರತಿಯಲ್ಲಿ ಇದಿಲ್ಲ. ಎರಡನೇ ಹಾಳೆಯ ಹಿಂಬದಿಯಲ್ಲಿ ಈಗಷ್ಟೇ ಬರೆದು ಸಹಿ ಹಾಕಿದ್ದೇನೆ. ಸೋಮವಾರ ಡಿಪೋದಲ್ಲಿ ಆ ಬದಿಯನ್ನೇ ಮೊದಲು ಓದಿಸು.