ಸುರಗಿ ಬೇರಿನ ನೀಲಿ ದಾರ

ಫೆಬ್ರವರಿ 11
ಮತ್ತೆ ಮೈಲುತುತ್ತದ ನೀರು ಹೊಯ್ದೆ. ನಾನೂರು ಸುರಗಿ ಸಸಿ, ಎಲ್ಲಾ ಹಳದಿ. ಎಲೆ ಬಾಡಿದರೂ ತುತ್ತ, ಬೇರು ಕೊಳೆತರೂ ತುತ್ತ — ನಮ್ಮ ಕಡೆ ಗೊತ್ತಿರುವ ಮದ್ದು ಅದೊಂದೇ. ಡಿಎಪಿ ಗೊಬ್ಬರ ಹಾಕಿದ್ದೂ ದಂಡ.
ನರ್ಸರಿ ಮಾಲೀಕರು ದಿನಕರ ಸರ್ ಬಂದಿದ್ದರು. "ಜೂನ್ ಹತ್ರೊಳಗೆ ಚಿಗುರದೇ ಇದ್ರೆ ಎಲ್ಲಾ ಹೊಂಡಕ್ಕೆ. ಹಳದೀಪುರದ ಗುಡ್ಡದಲ್ಲಿ ನೆಡೋದು ಅಕೇಶಿಯಾನೇ."
ಬೀಜ ಆರಿಸಿದ್ದು ನಾನು. ಮೊಳಕೆ ಬರಿಸಿದ್ದು ನಾನು. ಅಕೇಶಿಯಾ ಅಂತೆ, ಅಕೇಶಿಯಾ!

ಫೆಬ್ರವರಿ 26
ಸಸಿ ಹಿಡಿದು ಕುಮಟೆಗೆ. ಕಾಲೇಜಿನ ಕಲ್ಪನಾ ಮೇಡಂ ಬೇರು ಬೇಯಿಸಿ, ವಿನೆಗರಿಗೆ ನೀಲಿ ಶಾಯಿ ಬೆರೆಸಿ ಅದ್ದಿದರು. ಮೈಕ್ರೋಸ್ಕೋಪಿನಲ್ಲಿ ನೋಡಿದೆ... ಖಾಲಿ.
"ಇಲ್ಲಿ ನೀಲಿ ದಾರ ಕಾಣ್ಬೇಕಿತ್ತು. ಬೇರಿನೊಳಗೆ ಬದುಕೋ ಶಿಲೀಂಧ್ರ. ನಮ್ಮ ಚಿರೇಕಲ್ಲಿನ ಕೆಂಪು ಮಣ್ಣು ಗೊಬ್ಬರದ ರಂಜಕ ಹಿಡಿದಿಟ್ಕೊಳ್ತದೆ, ಸುಲಭಕ್ಕೆ ಬಿಡೂದಿಲ್ಲ. ಈ ದಾರ ದೂರ ಹೋಗಿ ತಂದುಕೊಡ್ತದೆ. ಮರ ಅದಕ್ಕೆ ಸಕ್ಕರೆ ಕೊಡ್ತದೆ."
ಅಂದರೆ ಗೊಬ್ಬರ ಇದೆ, ತಿನ್ನುವ ಬಾಯಿ ಇಲ್ಲ.
"ಬುಡಕ್ಕೆ ಎಂತ ಹೊಯ್ದೆ, ಸುಮಿತಾ?"
ಹೇಳಿದೆ. "ತುತ್ತ ಶಿಲೀಂಧ್ರ ಕೊಲ್ಲೋ ವಿಷ ಅಲ್ವಾ," ಅಂದರು ಮೇಡಂ. ಕೊಂದವಳು ನಾನೇ. ಬಸ್ಸಿನಲ್ಲಿ ಅತ್ತುಬಿಟ್ಟೆ.

ಮಾರ್ಚ್ 4
ಆ ಶಿಲೀಂಧ್ರ ಇರುವ ಮಣ್ಣು ತರಲು ಮಾದೇವಕ್ಕನ ಜೊತೆ ಕಾಗಾಲಕ್ಕೆ. ನರ್ಸರಿಯಲ್ಲಿ ನೀರು ಹೊಯ್ಯುವವಳು, ಸುರಗಿ ಕಾಲದಲ್ಲಿ ಹೂವೂ ಆರಿಸುತ್ತಾಳೆ. ಸುರಗಿ ಮರದಡಿ ಗುಡಿಸಿ, ಉದುರುವ ಹೂವಿಗೆ ಹಳೇ ಸೀರೆ ಹಾಸಿದ್ದಳು.
"ತಾನಾಗೇ ಹುಟ್ಟಿದ್ ಸಸಿ ನೋಡೇ, ಎಷ್ಟ್ ಹಸ್ರು! ಇದ್ಕೆ ಯಾರ್ ಗೊಬ್ಬರ ಹಾಕ್ದೋರು?"
ಸೀರೆ ಮಡಿಸಿ ಒಂದು ಗೇಣು ಅಗೆದೆವು. ಬೇರಿನ ಎಳೆ ಸಮೇತ ಮಣ್ಣು, ಎರಡು ಚೀಲ. ಕಂಡಕ್ಟರ್ ಎಂತದು ಅಂತ ಕೇಳಿದ.
"ಊಟ!" ಅಂದಳು ಮಾದೇವಕ್ಕ. ಅವಳ ಬಾಯಿಗೆ ಬೀಗವಿಲ್ಲ.

ಮಾರ್ಚ್ 5
ಹಳೇ ಮಣ್ಣು ಉದುರಿಸಿ ಹೊಸ ಚೀಲ. ಪ್ರತಿ ಬುಡಕ್ಕೂ ಕಾಗಾಲದ ಮಣ್ಣು ಒಂದು ಮುಷ್ಟಿ. ಸೊಂಟ ಬಿತ್ತು. ತುತ್ತ ಕಪಾಟಿನೊಳಗೆ, ಬೀಗ ಹಾಕಿದೆ.

ಮೇ 19
ಎರಡು ತಿಂಗಳು ಬರೆಯಲಿಲ್ಲ. ಹೆದರಿಕೆ, ಮತ್ತೇನು.
ಇಂದು ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ — ನೀಲಿ! ಬೇರಿನ ತುಂಬ ನೀಲಿ ದಾರ. ಲ್ಯಾಬಿನಲ್ಲೇ ಕುಣಿದೆ. ಮೇಡಂ ಬಾಗಿಲು ಹಾಕಿಕೊಂಡು ನಕ್ಕರು.

ಜೂನ್ 9
ಮುನ್ನೂರ ಎಂಬತ್ತೆರಡು ಸಸಿ ಹಚ್ಚಹಸಿರು! ದಿನಕರ ಸರ್ ಸಾಲು ಸಾಲು ನಡೆದು ಎಲೆ ಮುಟ್ಟಿ ನೋಡಿದರು.
"ಆತು, ಸುಮಿತಾ. ಗುಡ್ಡ ನಿಂದು."
ಅಕೇಶಿಯಾ ಬೇಡವೆಂದು ನನ್ನೆದುರೇ ಫೋನ್ ಮಾಡಿದರು. ಗೆದ್ದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ — ಗೆದ್ದೆ!

ಜೂನ್ 12, ಬೆಳಿಗ್ಗೆ 7
ಲಾರಿ ತುಂಬಿತು. ಮಾದೇವಕ್ಕ ಸಸಿಗಳ ನಡುವೆ ರಾಣಿಯ ಹಾಗೆ ಕೂತಿದ್ದಾಳೆ. "ಬರ್ದದ್ದು ಸಾಕೇ, ಲಾರಿ ಹತ್ತು!" ಹಳದೀಪುರದ ಗುಡ್ಡದ ಮೊದಲ ಗುಂಡಿಗೆ ಸಸಿ ಇಡುವುದು ನಾನೇ—