ತಡವಾದ ಒಂದು ದಿನ

ಆಸ್ಪತ್ರೆ, ಎರಡನೇ ವಾರ್ಡು
೧೯ ಅಕ್ಟೋಬರ್, ಬೆಳಿಗ್ಗೆ

ಪ್ರೀತಿಯ ತಂಗಿಗೆ,

ನಿನ್ನಣ್ಣನ ಆಶೀರ್ವಾದಗಳು. ಹನ್ನೊಂದು ದಿನ ಕಾಗದ ಬರೆಯದೆ ಕೂತೆ, ಬೈದುಕೋ. ಚಳಿಗೆ ಮರಗಟ್ಟಿದ ಬೆರಳುಗಳಿಗೆ ಬಟ್ಟೆ ಸುತ್ತಿದ್ದರು ಎಂದು ನೆಪ ಹೇಳಬಹುದಿತ್ತು; ಬಟ್ಟೆ ಬಿಚ್ಚಿಯೇ ನಾಲ್ಕು ದಿನವಾಯಿತು. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ನನಗೆ ಅರ್ಥವಾಗದ್ದೇ ಅದು.

ಭಾವನ ದೇಹದ ಜೊತೆ ಬರಲು ಡಾಕ್ಟರು ಬಿಡಲಿಲ್ಲ. ಆ ಹೊತ್ತಿನಲ್ಲಿ ನಿನ್ನ ಪಕ್ಕ ನಾನಿರಬೇಕಿತ್ತು. ಮೊನ್ನೆ ನೀನು ಫೋನಿನಲ್ಲಿ, "ಹುಡುಕೋಕೆ ಒಂದು ದಿನ ಯಾಕಣ್ಣ ತಡ ಮಾಡಿದ್ರು?" ಎಂದು ಕೇಳಿದೆ. ಲೈನು ಕಡಿಯಿತು ಅಂದುಕೊಂಡಿರುತ್ತೀಯ. ಕಡಿಯಲಿಲ್ಲ, ನಾನೇ ಇಟ್ಟೆ. ಅದಕ್ಕೆ ಉತ್ತರ ಬರೆಯಲೆಂದೇ ಈಗ ಕೂತಿದ್ದೇನೆ. ಆದರೆ ಮೊದಲು ಅವರ ಕೊನೆಯ ದಿನಗಳನ್ನು ಹೇಳಿಬಿಡುತ್ತೇನೆ, ಅವು ನಿನಗೆ ಸೇರಬೇಕಾದವು.

ಬೆಟ್ಟದ ಬುಡದ ವಸತಿಗೃಹದಲ್ಲಿ ಮೂರು ದಿನ ಇದ್ದೆವು. ಮರದ ಗೋಡೆ, ಎರಡು ಕಬ್ಬಿಣದ ಮಂಚ, ಒಂದು ಸೀಮೆಎಣ್ಣೆ ಒಲೆ. ಭಾವ ಕಾಲುಚೀಲ ಒಣಗಿಸಲು ಹೋಗಿ ಹಿಮ್ಮಡಿಯ ಜಾಗ ಸುಟ್ಟುಕೊಂಡರು. ನಾನು ತೇಪೆ ಹಾಕಿಕೊಟ್ಟೆ. "ಯಾವ ಮೂಲೆಗೆ ಹೋದ್ರೂ ನಿನ್ನ ಅಂಗಡಿ ಮುಚ್ಚಲ್ಲ ನೋಡು, ಟೈಲರಪ್ಪ" ಎಂದು ನಕ್ಕರು.

ಹೇಸರಗತ್ತೆ ಹೊಡೆಯುವವನ ಜೊತೆ ಅವರಿಗೆ ಒಂದೇ ದಿನಕ್ಕೆ ಸಲಿಗೆ. ಮೂವತ್ತೊಂದು ವರ್ಷ ಲಿಫ್ಟು ನಡೆಸಿದವರಲ್ಲವೇ, ಬೆಟ್ಟ ಹತ್ತುವಾಗ ಪ್ರತಿ ತಿರುವಿನಲ್ಲೂ, "ಎಷ್ಟನೇ ಮಹಡಿ ಬಂತಪ್ಪ?"

"ಅರ್ಧಕ್ಕೂ ಬಂದಿಲ್ಲ. ಬಾಯಿ ಮುಚ್ಕೊಂಡು ಉಸಿರು ಉಳಿಸ್ಕೊಳ್ಳಿ ಯಜಮಾನ್ರೇ."

"ಬಾಯಿ ಮುಚ್ಸೋಕೆ ಮನೇಲಿ ಒಬ್ಬಳಿದಾಳೆ, ನೀನೂ ಶುರು ಮಾಡ್ಬೇಡ!"

ನಗು ಬಂದರೆ ನಗು ತಂಗಿ, ತಪ್ಪಿಲ್ಲ.

ನಾಲ್ಕನೆಯ ದಿನ ಅರ್ಧ ದಾರಿಯಲ್ಲಿ ನನಗೆ ಉಸಿರು ಕಟ್ಟಿ ಕಣ್ಣು ಕತ್ತಲಿಟ್ಟಿತು. ಆತ ನನ್ನನ್ನು ಹೇಸರಗತ್ತೆಯ ಮೇಲೆ ಮೂಟೆಯ ಹಾಗೆ ಹೇರಿದ. ಭಾವನೂ ಇಳಿಯಲು ಹೊರಟರು. "ಇಷ್ಟು ದೂರ ಬಂದು ನನ್ನ ಜೊತೆ ಯಾಕೆ ವಾಪಸ್ಸು?" ಎಂದು ನಾನೇ ತಡೆದೆ. ಮುಂದೆ ಒಂದು ಗುಂಪು ಹೋಗುತ್ತಿತ್ತು. ಅವರನ್ನು ಕೂಡಿಕೊಂಡು ಮೇಲೆ ಹೋಗಿ ಸಂಜೆಯೊಳಗೆ ಇಳಿಯುತ್ತೇನೆ ಎಂದರು. "ಚಹಾ ಕಾಯಿಸಿಟ್ಟಿರು." ಅದೇ ಕೊನೆಯ ಮಾತು. ದೊಡ್ಡ ಮಾತೇನೂ ಆಡಲಿಲ್ಲ. ಸುಳ್ಳು ಕಟ್ಟಿ ನಿನಗೆ ಏನು ಕೊಡಲಿ?

ಕೆಳಗೆ ಬಂದವನನ್ನು ಜೀಪಿನಲ್ಲಿ ಇಲ್ಲಿಗೆ ತಂದರು. ಹೇಸರಗತ್ತೆಯವನೂ ಜೊತೆಗೇ ಬಂದ. ಎರಡು ದಿನ ನನಗೆ ಪ್ರಜ್ಞೆ ಇರಲಿಲ್ಲ. ಆ ಗುಂಪು ಬೆಟ್ಟದ ಆಚೆ ಬದಿಗೆ ಇಳಿದುಹೋಯಿತಂತೆ. ಭಾವ ಒಬ್ಬರೇ ಹಿಂತಿರುಗಿದ್ದಾರೆ, ಮಂಜಿನಲ್ಲಿ ದಾರಿ ತಪ್ಪಿದ್ದಾರೆ. ಮಾರನೆಯ ಸಂಜೆ ವಸತಿಗೃಹದವಳು ಹಾಸಿದ ಹಾಗೇ ಇದ್ದ ಹಾಸಿಗೆ ನೋಡಿ ಜನರನ್ನು ಕೂಗಿದಳಂತೆ. ಬಂಡೆಗೆ ಒರಗಿ ಕೂತ ಹಾಗೇ ಸಿಕ್ಕರು.

ಈ ಸುದ್ದಿ ಹೇಳಿದ ನರ್ಸಮ್ಮನನ್ನು ನಾನು ಕೇಳಿದ್ದೇನು ಗೊತ್ತೇ? ಹಾಲಿಗೆ ಸಕ್ಕರೆ ಹಾಕಿದ್ದೀರಾ ಎಂದು. ಡಾಕ್ಟರು ದಿನಾ ಬೆರಳಿಗೆ ಸೂಜಿ ಚುಚ್ಚಿ, "ನೋವಾಗುತ್ತಾ?" ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಒಳಗೂ ಹಾಗೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒಬ್ಬಳೇ ಮಲಗಬೇಡ, ಮಗಳನ್ನು ಕರೆಸಿಕೋ. ನೂರು ಕಾಲ ಬಾಳು ಎಂದು ಹರಸಲು ಈಗ ನಾಲಿಗೆ ಏಳದು. ನಾಳೆಯ ದಿನವೊಂದು ನಿನಗೆ ಹಗುರವಾಗಲಿ, ಅಷ್ಟೇ.

ಇತಿ,
ನಿನ್ನ ಅಣ್ಣ

ತಾ.ಕ.: ಉತ್ತರ ಬರೆಯದೇ ಸಹಿ ಹಾಕಿಬಿಟ್ಟೆ ನೋಡು. ಬೆಟ್ಟದ ಗೇಟಿನಲ್ಲಿ ಒಂದು ಹಲಗೆಯಿದೆ. ಹತ್ತಿ ಈ ಬದಿಗೇ ಇಳಿಯುವವರು ತಮ್ಮ ಹೆಸರಿನ ತಗಡಿನ ಬಿಲ್ಲೆಯನ್ನು ಅದಕ್ಕೆ ತೂಗುಹಾಕಬೇಕು, ಇಳಿದ ಮೇಲೆ ತೆಗೆದು ಡಬ್ಬಿಗೆ ಹಾಕಬೇಕು. ಸಂಜೆ ಬಿಲ್ಲೆ ಉಳಿದಿದ್ದರೆ ಕಾವಲುಗಾರ ಹುಡುಕಲು ಜನ ಕಳಿಸುತ್ತಾನೆ. ಭಾವ ಎಲ್ಲ ಕಳೆದುಹಾಕುವವರು. ಟಿಕೆಟ್ಟಾಗಲಿ, ಬೀಗದಕೈಯಾಗಲಿ, ಇಬ್ಬರದೂ ಯಾವಾಗಲೂ ನನ್ನ ಕೈಯಲ್ಲೇ. ಅವತ್ತು ಅರೆಗಣ್ಣಿನಲ್ಲಿ ಎರಡೂ ಬಿಲ್ಲೆ ತೆಗೆದು ಡಬ್ಬಿಗೆ ಹಾಕಿದ್ದು ನಾನು. ಅವರನ್ನು ನೋಡಿಕೋ ಎಂದು ನೀನು ಹೇಳಿದ್ದೆ ನಿಜ, ಆದರೆ ಇದರಲ್ಲಿ ನಿನ್ನ ಪಾಲಿಲ್ಲ. ಖಾಲಿ ಹಲಗೆ ನೋಡಿ ಕಾವಲುಗಾರ ಗೇಟು ಮುಚ್ಚಿದ. ಆ ರಾತ್ರಿಯೆಲ್ಲ ಭಾವ ಬದುಕಿದ್ದರು ಎನ್ನುತ್ತಾರೆ ಡಾಕ್ಟರು.

ಕಾವಲುಗಾರನನ್ನು ಕೆಲಸದಿಂದ ತೆಗೆದಿದ್ದಾರೆ. ನಿನ್ನೆ ಬಂದು ನನ್ನ ಕಾಲು ಹಿಡಿದುಕೊಂಡ. "ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು ಯಜಮಾನ್ರೇ, ಹಲಗೆ ಸರಿಯಾಗಿ ನೋಡ್ಲಿಲ್ಲ" ಎಂದ. ನಾನು ಅವನ ತಲೆಯ ಮೇಲೆ ಕೈಯಿಟ್ಟು, "ಹೋಗಲಿ ಬಿಡಪ್ಪ, ಕ್ಷಮಿಸಿದೀನಿ" ಎಂದೆ.